ಉಪ್ಪು ಸರಿಯಾಗಿತ್ತು

ನಮ್ಮ ಭಾವ ಬೈರಯ್ಯನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಈಗ ಹಾಸಿಗೆ ಹಿಡಿದಿದ್ದಾನೆ, ಎರಡು ಒಳ್ಳೆಯ ಮಾತು ಹೇಳು ಎಂದರೆ ನನ್ನಿಂದಾಗದು. ವಯಸ್ಸಿನಲ್ಲಿ ದೊಡ್ಡವನು ನಿಜ, ಆದರೆ ಬಹುವಚನ ಅವನಿಗೆ ದಂಡ. ನಾನು ಹೇಳಹೊರಟಿರುವುದು ಅವನನ್ನು ಕಟ್ಟಿಕೊಂಡ ನನ್ನ ಅಕ್ಕ ಗಂಗಲಕ್ಷ್ಮಮ್ಮನ ಕಥೆ. ಅವನನ್ನು ಬಿಟ್ಟು ಅವಳ ಕಥೆ ಹೇಳಲು ಬರುವುದಿಲ್ಲ, ಅದೇ ನನ್ನ ಸಂಕಟ.

ಅಕ್ಕ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಕೆಲಸ ಮಾಡಿದವಳು. ಹೊಲಿದು ಬಂದ ಅಂಗಿಯನ್ನು ತಿರುವಿ, ಬಿಟ್ಟುಹೋದ ಹೊಲಿಗೆಯನ್ನು ಹುಡುಕಿ, ಹೊಲಿದವರ ಮುಖಕ್ಕೇ ಹಿಡಿಯುವುದು ಅವಳ ಉದ್ಯೋಗ. ಮನೆಯಲ್ಲೂ ಅದೇ ಕಣ್ಣು, ಅದೇ ಬಾಯಿ. ಭಾವನದು ಎರಡು ರಸ್ತೆ ಆಚೆ ಲೇತ್ ಶಾಪು. ಅಲ್ಲಿ ಅವನು ಹೇಳಿದ್ದೇ ವೇದವಾಕ್ಯ, ಮನೆಯಲ್ಲೂ ಹಾಗೇ ನಡೆಯಬೇಕೆಂದು ಅವನ ಹಟ. ಹೆಂಡತಿಯನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ‘ಏಯ್’ ಎಂದರೆ ಅವಳು ಬರಬೇಕು. ಬಂದು ಅವನು ಒಂದಂದರೆ ಎರಡಂದು ಹೋಗುತ್ತಿದ್ದಳು. ಹಾವು ಮುಂಗುಸಿಯ ಹಾಗೆ ಸಂಸಾರ ಮಾಡಿದರು.

ಮಗ ಮಹೇಶನ ಮದುವೆಯಲ್ಲಿ ಅದು ಬೀದಿಗೆ ಬಂತು. ಬೀಗರ ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಭಾವ ಅಡುಗೆಯವರ ಮೇಲೆ ಹಾರಾಡಿದ. ‘ಸಾರಿಗೆ ಉಪ್ಪೇ ಇಲ್ವಲ್ರೀ, ಕಲಗಚ್ಚು ಬಡಿಸ್ತಿದೀರಾ?’

ಬಡಿಸಲು ನಿಂತಿದ್ದ ಅಕ್ಕ ಸುಮ್ಮನಿರಬಹುದಿತ್ತು. ಇರಲಿಲ್ಲ. ‘ಉಪ್ಪು ಸರಿಯಾಗಿದೆ ರೀ. ನಿಮ್ಮ ನಾಲಿಗೇನೇ ಸರಿಯಿಲ್ಲ’ ಎಂದಳು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ಎಲೆ ಮಡಚಿ ಎದ್ದು ಹೋದ. ಅವತ್ತಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ.

ಒಂದು ದಿನವಲ್ಲ, ಎರಡು ದಿನವಲ್ಲ, ವರ್ಷಗಟ್ಟಲೆ! ಅದೂ ಒಂದೇ ಸೂರಿನಡಿ, ಅವಳ ಕೈಯ ಮುದ್ದೆಯನ್ನೇ ಉಂಡುಕೊಂಡು. ಕಾಫಿ ಬೇಕಾದರೆ ಗೋಡೆಯ ಕಡೆ ತಿರುಗಿ ‘ಈ ಮನೇಲಿ ಕಾಫಿ ಕುಡಿಯೋರೂ ಇದಾರಪ್ಪಾ’ ಎನ್ನುವನು. ಅಕ್ಕ ಸೌಟು ಹಿಡಿದು ಎದುರಿಗೇ ನಿಂತಿದ್ದರೂ ಸೊಸೆ ಸುಮಾಳನ್ನು ಕೂಗಿ ‘ಸಾಕು ಅಂತ ಹೇಳಮ್ಮ’ ಎನ್ನುವನು. ಥೂ, ಎಂಥ ಮನುಷ್ಯ! ‘ಬಿಟ್ಟು ಬಾ ಅಕ್ಕ, ಬಸವೇಶ್ವರನಗರದಲ್ಲಿ ನಮ್ಮನೆ ಮೇಲಿನ ಪೋರ್ಷನ್ ಖಾಲಿ ಇದೆ’ ಎಂದು ನಾನು ಎಷ್ಟೋ ಸಲ ಕರೆದೆ. ‘ಮಾತು ಬಿಟ್ಟಿರೋದು ಅವರು. ಮನೆ ನಾನ್ಯಾಕೆ ಬಿಡ್ಲಿ?’ ಎಂದಳು.

ಕಳೆದ ವರ್ಷ ಭಾವ ಲೇತ್ ಮುಂದೆಯೇ ಕುಸಿದುಬಿದ್ದ. ಸ್ಟ್ರೋಕು. ಜೀವ ಉಳಿಯಿತು, ಕೈಕಾಲು ಬಿದ್ದುಹೋದವು, ಮಾತೂ ಹೋಯಿತು. ರೆಪ್ಪೆಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ಕಣ್ಣುಗುಡ್ಡೆ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಯುತ್ತಿತ್ತು, ಅಷ್ಟೇ. ಒಳಗೆ ಅರಿವಿದೆಯೋ ಇಲ್ಲವೋ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಆದರೆ ಭಾವನ ತಮ್ಮ ವೆಂಕಟೇಶ ಡಾಕ್ಟರಿಗಿಂತ ದೊಡ್ಡ ಡಾಕ್ಟರು. ‘ಅತ್ತಿಗೆ, ಅಣ್ಣ ಯಾವತ್ತೋ ಹೋದ. ನೀವು ಬರೀ ಮೈ ತೊಳೀತಿದೀರ. ಮೈಸೂರು ರಸ್ತೇಲಿ ಇಂಥೋರನ್ನ ನೋಡ್ಕೊಳೋ ಒಂದು ಹೋಮ್ ಇದೆ, ಹಾಕ್ಬಿಡಣ’ ಎಂದು ಬಂದಾಗಲೆಲ್ಲ ಪೀಡಿಸುತ್ತಿದ್ದ. ಮಹೇಶನೂ ಆ ಕಡೆಗೇ ವಾಲತೊಡಗಿದ್ದ.

ಒಂದು ದಿನ ಅಕ್ಕ ಬಟ್ಟೆ ಹಿಂಡುತ್ತಾ ನನ್ನನ್ನು ಕೇಳಿದಳು. ‘ಅವರು ಒಳಗಿದ್ರೆ ಹೆಂಗೆ ಕಳಿಸ್ಲಿ ಶಿವಿ? ಇಲ್ಲ ಅಂದ್ರೆ ನಾನು ಯಾರಿಗೆ ಗಂಜಿ ಕುಡಿಸ್ತಿದೀನಿ? ಅದೊಂದು ಗೊತ್ತಾಗಿಬಿಡ್ಲಿ.’

ಆಗ ಬಂದವಳು ರಾಗಿಣಿ. ಕೆಂಗೇರಿ ಕಡೆಯ ಯಾವುದೋ ಕಾಲೇಜಿನಲ್ಲಿ ಮೆದುಳಿನ ಸಿಗ್ನಲ್‌ಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ, ಆಸ್ಪತ್ರೆಯವರೇ ಕಳಿಸಿದ್ದರು. ತಲೆಗೆ ಬಿಗಿಯಾಗಿ ಕೂರುವ ವೈರುಗಳ ಟೋಪಿ ಮತ್ತು ಒಂದು ಸ್ಕ್ರೀನು ತಂದಳು. ಸ್ಕ್ರೀನಿನ ಮೇಲೆ ಒಂದರ ಕೆಳಗೊಂದು ನಾಲ್ಕು ಚೌಕ, ಒಂದೊಂದೂ ಬೇರೆ ಬೇರೆ ವೇಗದಲ್ಲಿ ಮಿಣುಕುತ್ತಿತ್ತು.

‘ಅಂಕಲ್ ಯಾವ ಬಾಕ್ಸ್ ನೋಡ್ತಾರೋ, ತಲೆ ಹಿಂದೆ ಮೆದುಳು ಅದೇ ವೇಗಕ್ಕೆ ಮಿಡಿಯುತ್ತೆ ಆಂಟಿ. ಟೋಪಿ ಅದನ್ನ ಹಿಡ್ಕೊಳುತ್ತೆ, ಮಷಿನ್ ಆ ಬಾಕ್ಸಲ್ಲಿರೋ ಮಾತು ಹೇಳುತ್ತೆ. ಚುಚ್ಚೋದಿಲ್ಲ, ಕರೆಂಟ್ ಕೊಡೋದಿಲ್ಲ. ಆದ್ರೆ ಅವರು ಮನಸ್ಸಿಟ್ಟು ನೋಡ್ಬೇಕು.’

ಮಷಿನ್ನಿನ ಧ್ವನಿ ಮಹೇಶನದಿರಲೆಂದು ಮಾತುಗಳನ್ನು ಅವನಿಂದಲೇ ಹೇಳಿಸಿ ರೆಕಾರ್ಡ್ ಮಾಡಿಕೊಂಡಳು. ಅವನದು ಅಪ್ಪನದೇ ಗಂಟಲು. ನೀರು, ತಿರುಗಿಸಿ, ಸಾಕು, ಇಷ್ಟು ಆಯಿತು. ನಾಲ್ಕನೆಯದು ಹೆಂಡತಿಯನ್ನು ಕರೆಯಲು. ‘ಅಂಕಲ್ ನಿಮ್ಮನ್ನ ಏನಂತ ಕರೀತಿದ್ರು ಆಂಟಿ?’

‘ಏಯ್’ ಎಂದಳು ಅಕ್ಕ.

ಹುಡುಗಿ ನನ್ನ ಮುಖ ನೋಡಿದಳು. ‘ಹಾಕಮ್ಮ, ಹಂಗೇ ಹಾಕು’ ಎಂದೆ.

ಮೊದಲ ದಿನ ಮಷಿನ್ ಬಾಯಿ ಬಿಡಲಿಲ್ಲ. ಅಕ್ಕ ತಲೆಗೆ ತಟ್ಟಿದ್ದ ಹರಳೆಣ್ಣೆಯಿಂದ ಹೀಗಾಗಿರಬಹುದು ಎಂದಳು ರಾಗಿಣಿ. ಅಕ್ಕ ಸೀಗೆಕಾಯಿ ಹಾಕಿ ತಿಕ್ಕಿ ತೊಳೆದಳು. ಎರಡನೆಯ ಸಲ ಅವನ ದಿಂಬಿನ ಪಕ್ಕದಲ್ಲೇ ನಿಂತು ‘ನೋಡ್ರೀ, ಆ ಚೌಕ ನೋಡ್ರೀ’ ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಏನೂ ಇಲ್ಲ. ರಾಗಿಣಿ ಸಂಕೋಚದಿಂದ, ‘ಇನ್ನೊಂದು ಸಲ ನೋಡ್ತೀನಿ ಆಂಟಿ. ಆಗ್ಲಿಲ್ಲ ಅಂದ್ರೆ ಮಷಿನ್ ಬೇರೆ ಪೇಷಂಟ್‌ಗೆ ಕೊಡ್ಬೇಕಾಗುತ್ತೆ’ ಎಂದಳು. ಅವತ್ತು ರಾತ್ರಿ ಅಕ್ಕ ಊಟ ಮಾಡಲಿಲ್ಲ.

ಆ ಇನ್ನೊಂದು ಸಲಕ್ಕೆ ವೆಂಕಟೇಶನೂ ಬಂದು, ನಾಟಕ ನೋಡುವವನಂತೆ ಕಾಲ ಮೇಲೆ ಕಾಲು ಹಾಕಿ ಕೂತ. ಅಕ್ಕ ಹೇಳಿದ್ದೇ ಹೇಳಿದಳು, ಬೇಡಿಕೊಂಡಳು. ಮಷಿನ್ ಸುಮ್ಮನಿತ್ತು. ‘ನಾನು ಹೇಳ್ಲಿಲ್ವಾ?’ ಎಂದ ವೆಂಕಟೇಶ. ಅಷ್ಟರಲ್ಲಿ ಗೇಟಿನ ಹತ್ತಿರ ಗ್ಯಾಸಿನವನು ಕೂಗಿದ. ಅಕ್ಕ ಕಣ್ಣೊರೆಸಿಕೊಂಡು ಹೊರಗೆ ಹೋದಳು.

‘ನೀರು’ ಎಂದಿತು ಮಷಿನ್.

ರಾಗಿಣಿ ಕುರ್ಚಿಯಿಂದ ಎದ್ದೇಬಿಟ್ಟಳು. ನಾನು ಚಮಚದಲ್ಲಿ ನೀರು ಹಾಕಿದೆ. ‘ಸಾಕು’ ಎಂದಿತು. ನಾನು ‘ಅಕ್ಕಾ!’ ಎಂದು ಅರಚಿದೆ. ಅವಳು ಬಿದ್ದಂಬೀಳ ಓಡಿಬಂದಳು. ಮಷಿನ್ ಮತ್ತೆ ಮೌನ. ‘ಸಿಗ್ನಲ್ ಹೋಯ್ತಲ್ಲ’ ಎಂದು ರಾಗಿಣಿ ಟೋಪಿ ಒತ್ತಿ ನೋಡಿದಳು, ವೈರು ನೋಡಿದಳು. ಅಕ್ಕ ನೀರಿನ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ‘ತಿರುಗಿಸಿ’ ಎಂದಿತು! ಅವಳು ಬಾಗಿಲಲ್ಲಿ ಕಾಣಿಸಿಕೊಂಡಳು, ಮತ್ತೆ ಮೌನ.

ನನಗೆ ಮೈಯೆಲ್ಲ ಉರಿಯಿತು. ಕೆಟ್ಟಿದ್ದುದು ವೈರಲ್ಲ, ಎಣ್ಣೆಯೂ ಅಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ, ಮಲಗಿದಲ್ಲೇ ಹೆಂಡತಿಯ ಮುಂದೆ ಮಾತು ಬಿಟ್ಟಿದ್ದ ಆ ಮಹಾರಾಯ! ರಾಗಿಣಿಗೂ ಅರ್ಥವಾಯಿತು. ‘ಆಂಟಿ, ನೀವು ಸ್ವಲ್ಪ ಹೊರಗಡೆ ಇದ್ರೆ...’ ಎಂದು ತಡವರಿಸಿದಳು.

ಅಕ್ಕ ಹೊರಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಚದ ಮುಂದೆ ಬಂದು ನಿಂತಳು.

‘ಇದೀರಾ? ಒಳಗೇ ಇದೀರಾ? ಇದ್ಕೊಂಡೂ ನನ್ನನ್ನ ಸಾಯಿಸ್ತಿದೀರಾ? ನಿಮ್ಮ ಹೇಲು ಉಚ್ಚೆ ಬಾಚಿದ್ದು ಯಾರ್ರೀ, ಗೋಡೆ ಬಂತಾ? ಗೋಡೆ ಗಂಜಿ ಕುಡಿಸ್ತಾ? ಬೆನ್ನು ಹುಣ್ಣಾಗ್ಬಾರ್ದು ಅಂತ ರಾತ್ರಿಯೆಲ್ಲ ಮಗ್ಗುಲು ತಿರುಗಿಸ್ದೆನಲ್ಲ, ಆಗ ಇದೀನಿ ಅಂತ ಒಂದು ಸಲ ತೋರಿಸ್ಬಾರ್ದಿತ್ತಾ? ಹುಟ್ಟುಗುಣ ಸುಟ್ಟರೂ ಹೋಗಲ್ಲ ರೀ ನಿಮ್ಮದು! ಮೈ ಬಿದ್ದೋದ್ರೂ ಸೊಕ್ಕು ಬೀಳ್ಲಿಲ್ಲ. ಮುಂಚೆ ಎಲೆ ಮಡಚಿ ಎದ್ದು ಹೋಗ್ತಿದ್ರಿ. ಈಗೆಲ್ಲಿಗೆ ಹೋಗ್ತೀರಿ? ಕೇಳ್ರೀ, ಕೇಳಿ! ಅವತ್ತು ಸಾರಿಗೆ ಉಪ್ಪು ಸರಿಯಾಗಿತ್ತು!’

‘ಸಾಕು’ ಎಂದಿತು ಮಷಿನ್.

ಅಕ್ಕ ಅವನ ಮುಖದ ಹತ್ತಿರ ಬಗ್ಗಿದಳು. ‘ಯಾರಿಗೆ ಹೇಳ್ತಿದೀರಿ? ಸುಮಾ ಇಲ್ಲಿಲ್ಲ. ಯಾರಿಗೆ ಸಾಕು ಅಂತ ಕರೆದು ಹೇಳಿ.’

ಭಾವನ ಕಣ್ಣು ಕೂದಲೆಳೆಯಷ್ಟು ಕೆಳಗಿಳಿಯಿತು. ಆಮೇಲೆ ಮಷಿನ್ ‘ಏಯ್’ ಎಂದಿತು. ಸ್ವಲ್ಪ ಬಿಟ್ಟು ಮತ್ತೆ, ‘ಸಾಕು.’

‘ನನಗಿನ್ನೂ ಸಾಕಾಗಿಲ್ಲ’ ಎಂದಳು ಅಕ್ಕ. ಅಷ್ಟು ಹೇಳಿ ಮಂಚದ ಕಾಲಿಗೊರಗಿ ಕುಸಿದು ಕೂತು ಗೋಳೋ ಎಂದು ಅತ್ತಳು. ನಾನು ವೆಂಕಟೇಶನ ಕಡೆ ತಿರುಗಿದೆ. ‘ಹೋಮ್‌ಗೆ ಯಾರನ್ನಪ್ಪ ಹಾಕಣ?’ ಎಂದು ಕೇಳಿದೆ. ಅವನು ಚಪ್ಪಲಿ ಹುಡುಕುತ್ತಿದ್ದ.

ಮಷಿನ್ ಮನೆಯಲ್ಲೇ ಉಳಿಯಿತು. ರಾಗಿಣಿ ಆಗಾಗ ಬಂದು ಸರಿಮಾಡಿ ಹೋಗುತ್ತಾಳೆ. ಅಕ್ಕ ಹಟ ಹಿಡಿದು ಐದನೆಯದೊಂದು ಚೌಕ ಹಾಕಿಸಿದಳು. ಮಹೇಶ ನಾಚಿಕೊಳ್ಳುತ್ತಲೇ ಅದಕ್ಕೂ ಧ್ವನಿ ಕೊಟ್ಟ. ‘ಉಪ್ಪು ಸರಿಯಾಗಿತ್ತು’ ಎಂದು ಹೇಳುವ ಚೌಕ. ಭಾವ ನೀರು ಕೇಳುತ್ತಾನೆ, ತಿರುಗಿಸಿ ಎನ್ನುತ್ತಾನೆ, ‘ಏಯ್’ ಎಂದು ದಿನಕ್ಕೆ ಹತ್ತು ಸಲ ಕರೆದು ಪ್ರಾಣ ತಿನ್ನುತ್ತಾನೆ. ಆ ಐದನೆಯ ಚೌಕದ ಕಡೆ ಇವತ್ತಿನವರೆಗೂ ಗಮನವಿಟ್ಟಿಲ್ಲ.

ಮೊನ್ನೆ ಹೋದಾಗ ನನಗೆ ತಡೆಯಲಾಗಲಿಲ್ಲ. ‘ತೆಗೆಸಿಬಿಡು ಅಕ್ಕ. ಆ ಮೊಂಡ ಸತ್ತರೂ ಅದನ್ನ ಒಪ್ಪಲ್ಲ’ ಎಂದೆ.

ಅಕ್ಕ ಗಂಜಿ ಆರಿಸುತ್ತಾ ಮಂಚದ ಕಡೆ ನೋಡಿದಳು. ‘ಇರ್ಲಿ ಬಿಡು ಶಿವಿ’ ಎಂದಳು. ‘ಅದನ್ನ ಒಪ್ಪಿದ ದಿನ ಒಳಗಿರೋದು ಅವರಲ್ಲ ಅಂತ ನಾನು ತಿಳ್ಕೋತೀನಿ.’