ಉಳಿದ ಗುಳಿಗೆಗೆ ಬೈಯುತ್ತಿದ್ದ ಗೋವಿಂದರಾಯರು

ಗೋವಿಂದರಾಯರು ಯಾರ ಮನೆಗೆ ಬಂದರೂ ಕೂಡುವ ಮೊದಲು ಗೋಡೆಯ ಗೂಡಿನೊಳಗೆ ಕೈ ಹಾಕುತ್ತಿದ್ದರು. ಉಳಿದ ಗುಳಿಗೆ ಸಿಕ್ಕರೆ ಆತು, ಮನೆಯವರ ಮಾನ ತೆಗೆಯುತ್ತಿದ್ದರು. ಇದ್ದದ್ದು ನಮ್ಮ ಗಲಗಲಿಯಲ್ಲಿ, ಕೆಲಸ ಜಮಖಂಡಿಯ ಒಂದು ಲ್ಯಾಬಿನಲ್ಲಿ. ರಕ್ತ, ಉಚ್ಚೆ ನೋಡುವುದು. ಸಿಟ್ಟು ಬಂದರೆ ಮರಾಠಿಯಲ್ಲಿ ಬೈಗುಳ.

ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ನಮ್ಮ ಕುರಿ ಕೆಸರಲ್ಲಿ ನಿಂತು ನಿಂತು ಗೊರಸು ಕೊಳೆಯುತ್ತಿತ್ತು. ಆ ವರ್ಷ ನನ್ನ ಗಂಡನಿಗೆ ಉಚ್ಚೆಯ ಉರಿ, ಜ್ವರ. ಡಾಕ್ಟರು ಏಳು ದಿನದ ಗುಳಿಗೆ ಬರೆದರು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ನೆಟ್ಟಗಾದವನಿಗೆ ಯಾಕೆ ಗುಳಿಗೆ ಎಂದು ಉಳಿದದ್ದನ್ನು ಕುರಿಗೆ ಎತ್ತಿಟ್ಟೆ. ಒಂದಿಷ್ಟನ್ನು ಅರೆದು ಕುಡಿಸಿಯೂ ಬಿಟ್ಟಿದ್ದೆ. ಮಿಕ್ಕದ್ದು ರಾಯರ ಕೈಗೆ ಸಿಕ್ಕಿತು.

"ಲಕ್ಕವ್ವ, ಬುದ್ಧಿ ಎಲ್ಲಿ ಮೇಯಾಕ ಬಿಟ್ಟೀಯವಾ?" ಎಂದವರೇ ನಾನು ನೂಲುತ್ತಿದ್ದ ಉಣ್ಣೆಯಿಂದ ಎರಡು ಉಂಡೆ ಹರಿದರು. ಒಂದರಿಂದ ಉದ್ದನೆಯ ಎಳೆ ಹಿರಿದು ಇನ್ನೊಂದಕ್ಕೆ ಸಿಗಿಸಿ ಎಳೆದರು. ಎರಡೂ ಕೂಡಿಕೊಂಡವು.

"ಕಣ್ಣಿಗೆ ಕಾಣದ ರೋಗದ ಜಂತುವಿನ ಮೈಮ್ಯಾಲ ಹಿಂಗ ಕೂದ್ಲ ಇರ್ತಾವ. ಕೆಲವು ಒಂದು ಉದ್ದನ್ನ ಕೂದ್ಲ ಚಾಚಿ ಮಗ್ಗಲದ್ದನ್ನ ಹಿಡದು ಹತ್ರ ಎಳಕೋತಾವ. ಔಷಧ ತಾಳೋ ವಿದ್ಯಾ ಅದಕ್ಕೂ ಕೊಡ್ತಾವ. ಕೊಟ್ರೂ ತಮ್ಮಲ್ಲಿದ್ದದ್ದು ತಮ್ಮಲ್ಲೇ ಇರ್ತದ. ಅರ್ಧಾ ಗುಳಿಗಿ ನುಂಗಿದ್ರ ಮೆತ್ತನವು ಸಾಯ್ತಾವ, ಗಟ್ಟೀವು ಉಳದು ಬ್ಯಾರೇವಕ್ಕ ಕಲಿಸ್ತಾವ. ಮನಷಾಂದು, ಕುರೀದು ಅಂತ ಭೇದ ಇಲ್ಲ ಅವಕ್ಕ."

"ಕೂದ್ಲ ಇದ್ರ ನಮ್ಮ ಟಗರಿನಂಗ ಕತ್ತರಸ್ರಿ, ರಾಯರ" ಎಂದೆ. ಗಂಡ ಬಿದ್ದು ಬಿದ್ದು ನಕ್ಕ. ರಾಯರು ನಗಲಿಲ್ಲ.

ಮರುವರ್ಷ ಗಂಡನಿಗೆ ಜ್ವರ ತಿರುಗಿ ಬಂತು. ಡಾಕ್ಟರು ಅದೇ ಗುಳಿಗೆ ಕೊಟ್ಟರು, ಇಳಿಯಲಿಲ್ಲ. ಇನ್ನೊಂದು ಕೊಟ್ಟರು, ಅದೂ ಇಲ್ಲ. ರಾಯರು ನನ್ನನ್ನು ಲ್ಯಾಬಿಗೆ ಕರೆದು ಗಾಜಿನ ತಟ್ಟೆ ತೋರಿಸಿದರು. ಗಂಡನ ಉಚ್ಚೆಯಲ್ಲಿದ್ದ ಜಂತುವನ್ನು ಅದರಲ್ಲಿ ಬೆಳೆಸಿ, ಒಂದೊಂದು ಔಷಧದಲ್ಲಿ ಅದ್ದಿದ ಚುಕ್ಕೆಯಷ್ಟು ಕಾಗದಗಳನ್ನು ಇಟ್ಟಿದ್ದರು. ಔಷಧ ನಾಟಿದರೆ ಕಾಗದದ ಸುತ್ತ ಜಂತು ಸತ್ತು ಬಯಲು ಬೀಳಬೇಕು. ಒಂದರ ಸುತ್ತಲೂ ಬಯಲಿರಲಿಲ್ಲ.

"ನನ್ನ ತಪ್ಪೇನ್ರಿ?"

ತಟ್ಟೆ ಮುಚ್ಚಿದರು. "ಬರೇ ನಿಂದಲ್ಲ, ಲಕ್ಕವ್ವ. ಇಡೀ ಊರಿಂದು ಅದ. ಆದ್ರ ನಿಂದೂ ಅದ."

ಜ್ವರ ಬಂದ ಒಂಬತ್ತನೇ ದಿನ ಗಂಡ ಹೋದ. ಬಂದವರೆಲ್ಲ ಹಣೆಬರಹ ಎಂದರು, ಬೀರಪ್ಪನ ಇಚ್ಛೆ ಎಂದರು. ಅವರಿಗೆಲ್ಲ ಚಹಾ ಮಾಡಿ ಕೊಟ್ಟೆ.

ಗಂಡನ ದಿನಕರ್ಮ ಮುಗಿದ ಮೇಲೆ ರಾಯರು ಬಂದರು. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಿದ್ದರು. ಕಟ್ಟೆಯ ಮೇಲೆ ಕೂತು, "ಒಂದೀಟು ನೀರು ಕೊಡವಾ" ಎಂದರು.

ನಾನು ಒಳಗೆ ಹೋಗಿ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವರ ಚಪ್ಪಲಿಯ ಸಪ್ಪಳ ಓಣಿ ದಾಟಿತು. ಮುಂದೆ ಬೇಸಿಗೆಯಲ್ಲಿ ಅವರೂ ತೀರಿಕೊಂಡರು. ನಿಂದೂ ಅದ ಎಂದು ಅವರು ಹೇಳಿದ್ದು ಖರೆ ಇತ್ತು. ಅದಕ್ಕೇ ನೀರು ಕೊಡಲಿಲ್ಲ.