ನಾಯಿಗೂ ಒಂದು ಶನಿವಾರ

ಹೊಂಗೆ ಎಣ್ಣೆಯ ವಾಸನೆ ಯಾರಿಗೂ ಹಿತವಲ್ಲ. ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಎರಡು ಸಲ ಸೋಪು ಹಚ್ಚಿ ತೊಳೆದರೂ ಉಗುರಿನ ಸಂದಿಯಲ್ಲಿ ಕೂತಿರುತ್ತದೆ. ಇವತ್ತು ಬೆಳಿಗ್ಗೆ ಮೊಮ್ಮಗಳ ನಾಯಿಮರಿಯ ಕಿವಿ ಮಡಿಸಿ, ಒಳಗೆ ಕಚ್ಚಿಕೊಂಡಿದ್ದ ಉಣ್ಣಿಹುಳುವಿನ ಮೇಲೆ ಒಂದು ತೊಟ್ಟು ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅನ್ನದ ಜೊತೆ ಆ ವಾಸನೆಯೂ ಬಂತು. ಸೊಸೆ ಮುಖ ಸಿಂಡರಿಸಿದಳು. ನನಗೆ ಮಾತ್ರ ತುತ್ತು ಅರ್ಧದಲ್ಲೇ ನಿಂತಿತು. ಅದು ಪಾಪಮ್ಮತ್ತೆಯ ಕೈವಾಸನೆ.

ನೆನಪಿನ ವಿಷಯದಲ್ಲಿ ನಾನು ಹುಷಾರು. ಕಾಲೇಜಿಗೆ ಸೇರಿದ ವರ್ಷದಿಂದ ದಿನಚರಿ ಬರೆದಿದ್ದೇನೆ. ಹಳೆಯ ಸಂಗತಿ ಏನಾದರೂ ಬರೆಯಬೇಕಾದರೆ ಆ ಪುಟ ತೆಗೆದು ನೋಡಿಕೊಂಡೇ ಬರೆಯುವುದು. ನೋಡಿದಾಗ ಬಹಳ ಸಲ ನಾಚಿಕೆಯಾಗುತ್ತದೆ. ಎಂದೋ ಜೋರು ಮಳೆಯಲ್ಲಿ ನಡೆದೆ ಎಂದುಕೊಂಡ ದಿನ ಬಿಸಿಲಿರುತ್ತದೆ. ನಾನು ಆಡಿದೆ ಎಂದುಕೊಂಡ ಜಾಣ ಮಾತು ಇನ್ನಾರದೋ ಆಗಿರುತ್ತದೆ. ಪಾಪಮ್ಮತ್ತೆಯ ಬಗ್ಗೆ ಬರೆಯಲು ಇಷ್ಟು ವರ್ಷ ತಡಮಾಡಿದ್ದಕ್ಕೂ ಅಂಥದೇ ಒಂದು ಕಾರಣ ಇದೆ. ಅದಕ್ಕೆ ಬರುತ್ತೇನೆ. ಮೊದಲು ಅತ್ತೆಯ ಪರಿಚಯವಾಗಲಿ.

ಅವಳು ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ನಮ್ಮೂರು ಹೊಸೂರಿನ ಹತ್ತಿರ, ಬಾಗಲೂರಿನಿಂದ ಬೇರಿಕೆಗೆ ಹೋಗುವ ದಾರಿಯಲ್ಲಿ, ಹೊಲಗಳ ನಡುವೆ ನಲವತ್ತು ಐವತ್ತು ಮನೆಗಳ ಊರು. ಮನೆಯ ಕೆಲಸವೆಲ್ಲ ನಮ್ಮಮ್ಮನ ಕೈಯಲ್ಲಿತ್ತು. ದನಕರು ಮತ್ತು ಬೈರ ಅತ್ತೆಯ ಪಾಲು. ಬೈರ ಎಂದರೆ ನಮ್ಮ ನಾಯಿ. ಮೈಯೆಲ್ಲ ಕಪ್ಪು, ಮುಂಗಾಲೆರಡು ಮಾತ್ರ ಸುಣ್ಣಕ್ಕೆ ಅದ್ದಿ ತೆಗೆದ ಹಾಗೆ ಬಿಳಿ.

ಶನಿವಾರ ಅತ್ತೆಗೆ ಒಪ್ಪೊತ್ತು, ಒಂದೇ ಹೊತ್ತಿನ ಊಟ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಕಟ್ಟಿ, ಜಗಲಿಯ ಮೇಲೆ ಕಾಲು ಚಾಚಿ ಕೂತರೆ ಬೈರ ತಾನಾಗಿಯೇ ಬಂದು ಅವಳ ಕಾಲಿನ ಮೇಲೆ ಒರಗುತ್ತಿದ್ದ. ಆಮೇಲೆ ಒಂದು ಗಂಟೆ ಹೊತ್ತು ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಮೂಗಿನಿಂದ ಶುರು. ಮೂಗು ತಣ್ಣಗಿದೆಯೇ? ವಸಡು ಕೆಂಪಗಿದೆಯೇ? ಹಲ್ಲಿನ ಬುಡದಲ್ಲಿ ಮೂಳೆಯ ಚೂರು ಸಿಕ್ಕಿಕೊಂಡಿದೆಯೇ? ಕಿವಿ ಮಡಿಸಿ ಮೂಸಿ ನೋಡುತ್ತಿದ್ದಳು. ಕಿವಿ ಕೆಡುವ ಮುಂಚೆ ವಾಸನೆ ಬರುತ್ತದಂತೆ. ಕಾಲ್ಬೆರಳುಗಳ ಸಂದಿ, ಉಗುರು, ಹೊಟ್ಟೆಯ ಕೆಳಗಿನ ಮೆದು ಚರ್ಮ, ಕೊನೆಗೆ ಬಾಲದ ಬುಡ. ಕೂದಲಿಗೆ ಎದುರಾಗಿ ಬೆರಳು ಓಡಿಸಿ, ಸಿಕ್ಕ ಉಣ್ಣಿಗೆ ಹೊಂಗೆ ಎಣ್ಣೆ ಮುಟ್ಟಿಸಿ, ಕಿತ್ತು ಬೆಂಕಿಗೆ ಹಾಕುವಳು. ಆಮೇಲೆ ಸೀಗೇಕಾಯಿ ಪುಡಿಯ ಸ್ನಾನ. ರಜೆಗೆ ಬಂದವನು ನಾನು ಒಮ್ಮೆ, ನಾಯಿಗೆ ಇಷ್ಟೆಲ್ಲ ಯಾಕೆ, ಕಾಯಿಲೆ ಬಂದರೆ ನೋಡಿಕೊಂಡರಾಯಿತು ಎಂದೆ.

"ಬಂದ ಮ್ಯಾಲೆ ಎಲ್ರೂ ನೋಡ್ತಾರೆ ಕಣ್ಲಾ," ಎಂದಳು. "ನಿಂಗಾದ್ರೆ ಬಾಯೈತೆ, ಹೊಟ್ಟೆನೋವು ಅಂತ ಕಾಲೇಜಿಗೆ ರಜಾ ಹಾಕ್ತೀಯ."

ಅವಳಿಗೆ ದನದ ಡಾಕ್ಟರ ಪರಿಚಯವಾದದ್ದು ದೊಡ್ಡರೋಗದ ಕಾಲದಲ್ಲಿ. ಆ ರೋಗ ಬಂದರೆ ಕೊಟ್ಟಿಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಹೊಸೂರಿನ ದನದ ಆಸ್ಪತ್ರೆಯಿಂದ ಡಾಕ್ಟರು ಸೈಕಲ್ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಸೂಜಿ ಹಾಕಲು ಬಂದರೆ, ನಮ್ಮೂರಿನವರು ದನಗಳನ್ನು ಕೆರೆಯ ಆಚೆಗೆ ಹೊಡೆದುಬಿಟ್ಟಿದ್ದರು. ಸೂಜಿ ಹಾಕಿದ ದನಕ್ಕೆ ನಾಲ್ಕು ದಿನ ಜ್ವರ, ಹಾಲೂ ಕಡಿಮೆ, ಅದಕ್ಕೆ ಹೆದರಿ. ಅತ್ತೆ ನಮ್ಮ ಎರಡು ಹಸುಗಳನ್ನೂ ಹಿಡಿದುಕೊಂಡು ಹೋಗಿ ನಿಲ್ಲಿಸಿದಳು. ಡಾಕ್ಟರು ಸೇಲಂ ಕಡೆಯ ತಮಿಳರು, ತೆಳ್ಳಗಿನ ಮನುಷ್ಯ, ಕನ್ನಡವನ್ನು ನಿಧಾನವಾಗಿ ಹುಡುಕಿ ಆಡುವವರು. ಅವರು ಕೈ ತೊಳೆಯುವಾಗ ಅತ್ತೆ ನಾಯಿಗೇನೂ ಇಲ್ಲವೇ ಎಂದು ಕೇಳಿದಳು. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ, ಕುಕ್ಕರುಗಾಲಲ್ಲಿ ಕೂತು ಬೈರನ ವಸಡು ನೋಡಿ, ಹೊಟ್ಟೆ ಒತ್ತಿ, ಹುಳ ಇದೆ ಎಂದರು. ಔಷಧಿ ಏನೆಂದರೆ ಅಡಿಕೆ ಪುಡಿ. ತುಪ್ಪದಲ್ಲಿ ಕಲಸಿ, ತೂಕ ನೋಡಿ ಇಷ್ಟೇ ಎಂದು ಬೆರಳ ತುದಿಯಲ್ಲಿ ಅಳತೆ ತೋರಿಸಿದರು.

"ಅಡಿಕೆನಾ ಸ್ವಾಮಿ? ಎಲೆ ಸುಣ್ಣನೂ ಕೊಡ್ಬೇಕಾ?" ಎಂದು ಅತ್ತೆ ಕೇಳಿದ್ದು ಊರಲ್ಲಿ ಬಹಳ ದಿನ ಓಡಾಡಿತು. (ನೀವು ಇದನ್ನು ಓದಿ ನಿಮ್ಮ ನಾಯಿಗೆ ಅಡಿಕೆ ಹಾಕಬೇಡಿ. ಈಗ ಒಳ್ಳೆಯ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ.)

ತೊಂದರೆ ಇದ್ದದ್ದು ಔಷಧಿಯಲ್ಲಲ್ಲ, ಪಥ್ಯದಲ್ಲಿ. ಹಿಂದಿನ ರಾತ್ರಿಯಿಂದ ನಾಯಿಯ ಹೊಟ್ಟೆ ಖಾಲಿ ಇರಬೇಕಿತ್ತು. ನಾವು ಊಟಕ್ಕೆ ಕೂತರೆ ಬೈರ ಹೊಸ್ತಿಲಿನ ಆಚೆ ಕೂತು, ಕೇಳದೆ, ಬೊಗಳದೆ, ಬರೀ ನೋಡುವನು. ಮೊದಲ ಸಲ ನಮ್ಮಪ್ಪನಿಗೆ ತಡೆಯಲಾಗಲಿಲ್ಲ. ಕದ್ದು ಒಂದು ತುತ್ತು ಮುದ್ದೆ ಹಾಕಿದರು. ಬೆಳಿಗ್ಗೆ ಔಷಧಿ ತಿನ್ನಿಸಿದ ಮೇಲೆ ಬೈರ ಔಷಧಿ ಮುದ್ದೆ ಎರಡನ್ನೂ ಅಂಗಳದಲ್ಲಿ ಕಕ್ಕಿದ. ಅತ್ತೆ ಯಾರನ್ನೂ ಬೈಯಲಿಲ್ಲ. ಇನ್ನುಮುಂದೆ ಅಡಿಕೆ ಪುಡಿ ಶನಿವಾರವೇ ಎಂದು ಗೊತ್ತುಮಾಡಿದಳು. ಹಿಂದಿನ ರಾತ್ರಿ ತಾನೂ ಊಟ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ಕಾವಲು ಕೂರುವುದು. ಮರುದಿನ ಹೇಗೂ ಒಪ್ಪೊತ್ತು. ಮೂರು ನಾಲ್ಕು ತಿಂಗಳಿಗೊಂದು ಶನಿವಾರ ಇಬ್ಬರೂ ಹಸಿದುಕೊಂಡು ಜಗಲಿಯ ಮೇಲೆ ಬೀದಿ ನೋಡುತ್ತ ಕೂತಿರುತ್ತಿದ್ದರು. ಪಾಪಮ್ಮನ ನಾಯಿ ಶನಿವಾರ ಹಿಡಿದಿದೆ, ವೈಕುಂಠಕ್ಕೆ ನಮಗಿಂತ ಮುಂಚೆ ಅದೇ ಹೋಗುತ್ತದೆ ಎಂದು ದಾರಿಯಲ್ಲಿ ಹೋಗುವವರು ಹೇಳುವರು. ಅತ್ತೆ, ಹೌದು, ನಿಮಗೆ ಅಲ್ಲಿ ಬಾಗಿಲು ತೆಗೆಯುವುದಕ್ಕೆ ಒಬ್ಬರು ಬೇಕಲ್ಲ ಎನ್ನುವಳು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಬೇಸಿಗೆ ರಜೆಗೆ ನಾನು ಊರಲ್ಲಿದ್ದೆ. ಬಿ.ಎ. ಕೊನೆಯ ವರ್ಷಕ್ಕೆ ಹೋಗುವವನು, ತರ್ಕಶಾಸ್ತ್ರದ ವಿದ್ಯಾರ್ಥಿ. ಒಂದು ಗುರುವಾರ ಮಧ್ಯಾಹ್ನ ಬೇರಿಕೆಯ ಕಡೆಯಿಂದ ಹುಚ್ಚುನಾಯಿಯೊಂದು ಬಂತು. ಬಾಯಲ್ಲಿ ಜೊಲ್ಲು, ಸೊಟ್ಟ ನಡಿಗೆ. ಒಂದು ಕರುವಿಗೆ ಬಾಯಿ ಹಾಕಿ, ಊರ ನಾಯಿಗಳ ಗುಂಪಿನೊಳಗೆ ನುಗ್ಗಿ ಹೊರಬಿದ್ದು ಕೆರೆ ಏರಿಯ ಮೇಲೆ ಓಡುವಾಗ ಅದನ್ನು ಹೊಡೆದು ಕೊಂದರು. ಗುಂಪಿನಲ್ಲಿ ಯಾವ ನಾಯಿಗೆ ಕಚ್ಚಿತು ಎಂದು ಹೇಳುವವರಿರಲಿಲ್ಲ. ಪಟೇಲರು ತಮಟೆ ಹೊಡೆಸಿದರು: ಕಚ್ಚಿಸಿಕೊಂಡ ನಾಯಿ ಯಾರ ಮನೆಯದಾದರೂ ಶನಿವಾರ ಚಾವಡಿಗೆ ತರಬೇಕು, ಕೊಲ್ಲಬೇಕು, ಡಾಕ್ಟರೂ ಬರುತ್ತಾರೆ. ನಮ್ಮದು ಹೊರಗೆ ಹೋಗಿರಲಿಲ್ಲ ಎಂದು ಮನೆಮನೆಯವರೂ ಹೇಳಿದರು. ನಾವೂ ಹೇಳಿದೆವು. ನಿಜವೆಂದು ನಂಬಿಯೇ ಹೇಳಿದೆವು.

ಶನಿವಾರ ಬೆಳಿಗ್ಗೆ ಎಂದಿನಂತೆ ಅತ್ತೆ ಕೂತಳು. ನಾನು ಬೈರನ ಬಾಯಿ ಹಿಡಿದುಕೊಂಡಿದ್ದೆ. ಹಿಂದಿನ ಎಡತೊಡೆಯ ಒಳಗಡೆ ಬಂದಾಗ ಅವಳ ಬೆರಳು ನಿಂತಿತು. ಕೂದಲು ಬಿಡಿಸಿದಳು. ಜೋಳದ ಕಾಳಿನಷ್ಟು ಎರಡು ಗಾಯ, ಪಕ್ಕಪಕ್ಕದಲ್ಲಿ, ಒಣಗುತ್ತ ಬಂದಿದ್ದವು.

"ಇದು ಹೋದ ಶನಿವಾರ ಇರ್ಲಿಲ್ಲ," ಎಂದಳು.

ಬೇಲಿಯ ಮುಳ್ಳಿರಬೇಕು ಎಂದೆ. ಮುಳ್ಳು ಹೀಗೆ ಜೋಡಿಯಾಗಿ ಚುಚ್ಚುವುದಿಲ್ಲ ಎಂದಳು. ನಾನು ತರ್ಕ ಶುರುಮಾಡಿದೆ. ಕಚ್ಚಿದ್ದನ್ನು ಕಂಡವರಿಲ್ಲ. ಊರ ನಾಯಿಗಳು ದಿನವೂ ಒಂದನ್ನೊಂದು ಕಚ್ಚುತ್ತವೆ. ಕಚ್ಚಿದ್ದು ಹುಚ್ಚುನಾಯಿಯೇ ಎನ್ನುವುದಕ್ಕೆ ಆಧಾರವಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಚಾವಡಿಗೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಬೈರ ಇರುವುದಿಲ್ಲ.

ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಈ ಕತೆಯನ್ನು ನಾನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಮತ್ತು ಪ್ರತಿ ಸಲವೂ ನಡೆದದ್ದಕ್ಕಿಂತ ಬೇರೆ ರೀತಿಯಲ್ಲಿ ಹೇಳಿದ್ದೇನೆ. ಆ ಕತೆಯಲ್ಲಿ ನಾನೂ ಅತ್ತೆಯೂ ಮುಖ ಮುಖ ನೋಡಿಕೊಳ್ಳುತ್ತೇವೆ. ನಾನು, ಹೇಳಿಬಿಡೋಣ ಅತ್ತೆ, ಎನ್ನುತ್ತೇನೆ. ಅವಳ ಕಣ್ಣಲ್ಲಿ ನೀರು ಬರುತ್ತದೆ. ಇದು ನನಗೆ ಚೆನ್ನಾಗಿ ನೆನಪಿದೆ, ಅವಳ ಸೀರೆಯ ಬಣ್ಣದ ಸಮೇತ. ದಿನಚರಿಯಲ್ಲಿರುವುದು ಇಷ್ಟು: "ಅತ್ತೆಗೆ ಸುಮ್ಮನಿರಲು ಹೇಳಿದೆ. ಕೇಳಲಿಲ್ಲ. ಕೋಪ ಬಂತು." ಬರೆದವನೂ ನಾನೇ, ಅವನನ್ನೂ ಪೂರ್ತಿ ನಂಬಬೇಕಿಲ್ಲ. ಆದರೆ ತನ್ನ ಮೇಲೆ ತಾನೇ ಸುಳ್ಳು ತಪ್ಪು ಹೊರಿಸಿಕೊಳ್ಳುವ ಹುಡುಗನಾಗಿರಲಿಲ್ಲ ಅವನು. ಅದಕ್ಕೇ ದಿನಚರಿಯ ಮಾತನ್ನು ಒಪ್ಪಿದ್ದೇನೆ.

ಅತ್ತೆ ಗಾಯವನ್ನು ಸೋಪಿನ ನೀರಿನಲ್ಲಿ ತೊಳೆದಳು. ತನ್ನ ಕೈ ತೊಳೆದುಕೊಂಡು, ನನ್ನ ಕೈಯನ್ನೂ ತೊಳೆಸಿದಳು. ಎತ್ತು ಕಣದಲ್ಲಿ ಬಾಯಿ ಹಾಕದಿರಲಿ ಎಂದು ಕಟ್ಟುವ ಕುಕ್ಕೆಗಳ ರಾಶಿಯಲ್ಲಿ ಕರುವಿನ ಒಂದು ಚಿಕ್ಕ ಕುಕ್ಕೆ ಹುಡುಕಿ ಬೈರನ ಮೂತಿಗೆ ಕಟ್ಟಿದಳು. ಹಗ್ಗ ಹಿಡಿದು ಹೊರಟೇಬಿಟ್ಟಳು. ನಮ್ಮ ಮನೆಯ ಹೆಂಗಸರು ಚಾವಡಿಯ ಮುಂದೆ ತಲೆ ತಗ್ಗಿಸಿ ಹಾದುಹೋಗುವವರೇ ಹೊರತು ಅಲ್ಲಿ ನಿಂತವರಲ್ಲ. ನಾನು ಇಪ್ಪತ್ತು ಹೆಜ್ಜೆ ಹಿಂದೆ ಇದ್ದೆ.

ಅಲ್ಲಿ ಒಂದು ನಾಯಿಯೂ ಬಂದಿರಲಿಲ್ಲ. ಪಟೇಲರು, ಡಾಕ್ಟರು, ಹತ್ತಾರು ಜನ, ಗೋಡೆಗೆ ಒರಗಿಸಿದ ದೊಣ್ಣೆಗಳು. ಅತ್ತೆ ದೂರದಲ್ಲೇ ನಿಂತು ಗಾಯವಾದ ಜಾಗ ತೋರಿಸಿ ಹೇಳಿದಳು. ಡಾಕ್ಟರು ಮೊದಲು ನಮ್ಮಿಬ್ಬರ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಗೀರು ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬೈರನನ್ನು ನೋಡಿ, ಹಲ್ಲಿನ ಗುರುತೇ ಎಂದರು. ಪಟೇಲರು ದೊಣ್ಣೆಯ ಕಡೆ ನೋಡಿದರು.

ಕಚ್ಚಿಸಿಕೊಂಡ ನಾಯಿಗೂ ಸೂಜಿ ಇದೆಯೇ ಎಂದು ಅತ್ತೆ ಕೇಳಿದಳು.

"ಇದೆ ಅಮ್ಮಾ. ಎರಡು ವಾರ, ದಿನಾ ಹೊಸೂರಿಗೆ ತರಬೇಕು. ಮುಡಿಯುಮಾ, ಆಗ್ತದಾ? ಹಾಕಿದರೂ ಉಳಿಯುತ್ತೆ ಅಂತ ನಾನು ಹೇಳಲ್ಲ. ಆರು ತಿಂಗಳು ಬೇರೆ ಕಟ್ಟಬೇಕು. ಯಾರೂ ಮುಟ್ಟಬಾರದು, ನೀವೂ."

ಪಟೇಲರು ಕೇಳಿದ್ದು ನ್ಯಾಯವಾದ ಪ್ರಶ್ನೆ. "ಆರು ತಿಂಗ್ಳಲ್ಲಿ ಅದಕ್ಕೆ ಏನಾರ ಆದ್ರೆ ನಮಗೆ ಹೆಂಗೆ ಗೊತ್ತಾಗ್ತದೆ ಪಾಪಮ್ಮ? ಮುಚ್ಚಿಟ್ಕಂಡ್ರೆ? ಊರಲ್ಲಿ ಮಕ್ಕಳವೆ."

"ಮುಚ್ಚಿಡಂಗಿದ್ರೆ ಇವತ್ತು ಬತ್ತಿದ್ನಾ ಪಟೇಲಪ್ಪ?" ಎಂದಳು ಅತ್ತೆ.

ಹಿಂದೆ ನಿಂತಿದ್ದ ಮುನಿಯಪ್ಪ ಎಂಬಾತ ಕೆಮ್ಮಿ, ನಮ್ಮ ನಾಯಿಗೂ ಮೂತಿಯ ಹತ್ತಿರ ಒಂದು ಗಾಯ ಇದೆ, ಮಕ್ಕಳು ಅಳುತ್ತಾರೆ ಅಂತ ಹೇಳಿರಲಿಲ್ಲ ಎಂದ. ಅವನ ಇಬ್ಬರು ಹೆಣ್ಣುಮಕ್ಕಳು ಆ ನಾಯಿಯನ್ನು ತಬ್ಬಿಕೊಂಡೇ ಮಲಗುತ್ತಿದ್ದರು. ಡಾಕ್ಟರು ಆ ಮಕ್ಕಳನ್ನು ಆಗಲೇ ಕರೆಸಿ, ಕೈಕಾಲು ಮುಖ ನೋಡಿ, ಎಲ್ಲೂ ಗಾಯ ಇಲ್ಲವೆಂದು ತಿಳಿದ ಮೇಲೆಯೇ ಕುರ್ಚಿಯಲ್ಲಿ ಕೂತರು. ಎರಡು ನಾಯಿಗಳಿಗೂ ಒಂದೇ ತೀರ್ಪಾಯಿತು: ಕೊಲ್ಲುವುದು ಬೇಡ, ಸೂಜಿ ಹಾಕಿಸಿ ಆರು ತಿಂಗಳು ಕಟ್ಟಿಹಾಕಬೇಕು.

ಎರಡು ವಾರ ನಮ್ಮಪ್ಪ ಗಾಡಿ ಕಟ್ಟಿದರು. ಕುಕ್ಕೆ ಹಾಕಿದ ಎರಡು ನಾಯಿಗಳು ಗಾಡಿಯ ಎರಡು ಮೂಲೆಯಲ್ಲಿ, ನಡುವೆ ಅತ್ತೆ. ಆಮೇಲೆ ಬೈರನನ್ನು ತೋಟದಾಚೆಯ ಹಾಳು ಆಲೆಮನೆಯಲ್ಲಿ ಸರಪಳಿ ಹಾಕಿ ಕಟ್ಟಿದೆವು. ಅತ್ತೆ ಉದ್ದ ಬಿದಿರಿಗೆ ಚಿಪ್ಪು ಕಟ್ಟಿ ಅನ್ನ ನೀರು ಮುಂದೆ ಸರಿಸುವಳು. ಅವಳಿಗೆ ನೋಡುವುದು ಎಂದರೆ ಮುಟ್ಟುವುದು, ಅದೊಂದನ್ನೇ ಬಿಡಬೇಕಾಗಿತ್ತು. ಬಾಗಿಲ ಹೊರಗೆ ಕೂತು ಕಣ್ಣಲ್ಲೇ ನೋಡುವುದನ್ನು ಕಲಿತಳು: ದನಿ ಬದಲಾಗಿದೆಯೇ, ದವಡೆ ಜೋತಿದೆಯೇ, ಹೆಸರು ಕರೆದರೆ ಕಿವಿ ಏಳುತ್ತದೆಯೇ. ಮೊದಮೊದಲು ಬೈರ ಸರಪಳಿ ಜಗ್ಗಿ ಅವಳ ಕಡೆಗೆ ಹಾರುತ್ತಿದ್ದ. ಅವಳು ಎದ್ದು ಎರಡು ಹೆಜ್ಜೆ ಹಿಂದಕ್ಕೆ ಸರಿದು ಮತ್ತೆ ಕೂರುತ್ತಿದ್ದಳು.

ನಾನು ಬೆಂಗಳೂರಿಗೆ ಹಿಂದಿರುಗಿದೆ. ಪ್ರತಿ ವಾರ ಅಪ್ಪನ ಕಾರ್ಡು ಬರುತ್ತಿತ್ತು. ಮಳೆ, ರಾಗಿ, ಅಮ್ಮನ ಮಂಡಿನೋವು. ಕೊನೆಯಲ್ಲಿ ಅತ್ತೆ ಹೇಳಿ ಬರೆಸಿದ ಒಂದೇ ಸಾಲು: ಬೈರ ನೀರು ಕುಡಿದ. ಐದನೆಯ ಕಾರ್ಡಿನಲ್ಲಿ ಇನ್ನೂ ಮೂರು ಸಾಲು ಹೆಚ್ಚಿದ್ದವು. ಮುನಿಯಪ್ಪನ ನಾಯಿ ನೀರು ಕುಡಿಯಲಿಲ್ಲ. ಅದೇ ದಿನ ಅವನೇ ಹೋಗಿ ಪಟೇಲರಿಗೆ ಹೇಳಿದನಂತೆ. ಡಾಕ್ಟರು ಬಂದು ನೋಡಿ, ಸರಪಳಿಯಲ್ಲಿದ್ದಂತೆಯೇ ಅದನ್ನು ಕೊಂದರಂತೆ. ಅಲ್ಲಿಗೆ ಆ ಗುರುವಾರದ ನಾಯಿ ನಿಜವಾಗಿ ಹುಚ್ಚುನಾಯಿಯೇ ಎಂಬುದು ಖಚಿತವಾಯಿತು. ಆ ಕಾರ್ಡು ಹಿಡಿದುಕೊಂಡು ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಮತ್ತೆ ತರ್ಕ ಮಾಡಿದೆ. ನನ್ನ ತರ್ಕದ ಪ್ರಕಾರ ನಡೆದಿದ್ದರೆ ಅತ್ತೆ ಚಾವಡಿಗೆ ಹೋಗುತ್ತಿರಲಿಲ್ಲ. ಅತ್ತೆ ಹೋಗದಿದ್ದರೆ ಮುನಿಯಪ್ಪ ಬಾಯಿ ಬಿಡುತ್ತಿರಲಿಲ್ಲ. ಆ ಇಬ್ಬರು ಮಕ್ಕಳು ಆ ರಾತ್ರಿಯೂ ಅದರ ಪಕ್ಕದಲ್ಲೇ ಮಲಗಿರುತ್ತಿದ್ದರು. ಈ ತರ್ಕದಲ್ಲಿ ದೋಷ ಹುಡುಕಲು ನನಗಿನ್ನೂ ಆಗಿಲ್ಲ.

ಬೈರ ಉಳಿದ. ಆರು ತಿಂಗಳು ಕಳೆದ ಮೇಲೂ ಒಂದು ವಾರ ಹೆಚ್ಚಾಗಿ ಕಟ್ಟಿಹಾಕಿ, ಡಾಕ್ಟರು ಬಂದು ಸರಿ ಎಂದ ಮೇಲೆ ಅತ್ತೆ ಸರಪಳಿ ಬಿಚ್ಚಿದಳು. ಅವನು ಅವಳ ಮೈಮೇಲೆ ಬಿದ್ದು ಹೊರಳಾಡುತ್ತಿದ್ದರೆ ಅವಳ ಕೈ ಆಗಲೇ ಅವನ ಕಿವಿ ಮಡಿಸಿತ್ತು. "ಥೂ, ಎಷ್ಟು ಉಣ್ಣಿ ಸೇರಿಸ್ಕಂಡಿದ್ದೀಯಲಾ," ಎಂದಳಂತೆ. ಇದು ಅಪ್ಪ ಹೇಳಿದ್ದು, ನಾನಿರಲಿಲ್ಲ.

ಊಟವಾದ ಮೇಲೆ ಕೂತು ಇಷ್ಟನ್ನು ಬರೆದೆ. ಸಂಜೆ ಮೊಮ್ಮಗಳು ಶಾಲೆಯಿಂದ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ದಿನಚರಿಯ ಆ ಮೂರು ವಾಕ್ಯ ಓದಿದೆ. ಅವಳಿಗೆ ಗೊತ್ತಿದ್ದದ್ದು ನಾನು ಮುಂದಾಳಾಗಿದ್ದ ಕತೆ.

"ಹಾಗಾದ್ರೆ ನೀನು ಚಾವಡಿಗೆ ಹೋಗ್ಲೇ ಇಲ್ವಾ ತಾತ?"

ಹೋದೆ, ಅತ್ತೆ ಹೋದ ಮೇಲೆ ಅವಳ ಹಿಂದೆ ಹೋದೆ ಎಂದೆ. ಅವಳು ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ಮುಂಗೈ ಮೇಲೆ ಒಂದು ಸಣ್ಣ ಗೀರು, ಸುತ್ತ ಕೆಂಪು.

"ನಿನ್ನೆ ಆಡುವಾಗ ಮರಿ ಹಲ್ಲು ತಾಗಿಸ್ತು. ಅಮ್ಮಂಗೆ ಹೇಳಿಲ್ಲ. ಮರೀನ ಕೊಟ್ಬಿಡ್ತಾಳೆ ಅಂತ."

ಮರಿಗೆ ಸೂಜಿ ಹಾಕಿಸಲು ಇನ್ನೂ ವಯಸ್ಸಾಗಿರಲಿಲ್ಲ. ಅವಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಸೋಪು ಹಚ್ಚಿ ಬಹಳ ಹೊತ್ತು ತೊಳೆದೆ. ಈಗಲೇ ಆಸ್ಪತ್ರೆಗೆ ಹೋಗೋಣ, ಮೊದಲು ಅಮ್ಮನಿಗೆ ಹೇಳೋಣ ಎಂದೆ.

"ಬೈತಾಳೆ," ಎಂದಳು.

ಬೈಯಲಿ, ನಾನೂ ಜೊತೆಗೆ ನಿಂತು ಬೈಸಿಕೊಳ್ಳುತ್ತೇನೆ ಎಂದೆ. ಒದ್ದೆ ಕೈ ಹಿಡಿದುಕೊಂಡೇ ಇಬ್ಬರೂ ಅಡುಗೆಮನೆಗೆ ಹೋದೆವು.