ಅತ್ತೆ ಕೊಟ್ಟ ಡೈಲಾಗು

ನಮ್ಮ ಮನೆಯಲ್ಲಿ ಟೀವಿ ಇತ್ತು. ಅದರ ಮಾತು ಮಾತ್ರ ನಮಗೆ ಕೇಳಿಸುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆ ಕಡಿಮೆ. ನಮ್ಮ ನಡುಮನೆಯ ಗೋಡೆಯ ಆಚೆಗೇ ವಿದ್ಯುತ್ ಮಗ್ಗಗಳಿದ್ದವು. ಬೆಳಗಾದರೆ ಲಾಳಿ ಅತ್ತಿಂದಿತ್ತ ಬಡಿಯುವ ಸದ್ದು ಶುರುವಾಗುತ್ತಿತ್ತು, ಟೀವಿಯ ದನಿಯನ್ನು ಎಷ್ಟು ಏರಿಸಿದರೂ ಆ ಸದ್ದನ್ನು ದಾಟಿ ಬರುತ್ತಿರಲಿಲ್ಲ. ಕರೆಂಟು ಹೋದಾಗ ಮಗ್ಗವೇನೋ ಸುಮ್ಮನಾಗುತ್ತಿತ್ತು. ಟೀವಿಯೂ ಅದರ ಜೊತೆಗೇ ಸುಮ್ಮನಾಗುತ್ತಿತ್ತು. ಹೀಗಾಗಿ ನಾನು ಮತ್ತು ನನ್ನ ತಮ್ಮ ಸಿನಿಮಾವನ್ನು ಕಣ್ಣಿನಿಂದ ಮಾತ್ರ ನೋಡಿ ಬೆಳೆದವರು.

ಮಾತು ಬೇಕಾದಾಗ ಅತ್ತೆ ಇದ್ದಳು. ಅತ್ತೆಯೆಂದರೆ ಅಪ್ಪನ ತಂಗಿ, ನಮ್ಮ ಜೊತೆಗೇ ಇದ್ದವಳು. ಟೀವಿಯ ಮುಂದೆ ಕೂತು, ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ದಾರ ಸುತ್ತುತ್ತಾ, ತೆರೆಯ ಮೇಲಿನವರು ಏನು ಹೇಳುತ್ತಿದ್ದಾರೆ ಎಂಬುದನ್ನು ನಮ್ಮ ಕಿವಿಯ ಹತ್ತಿರ ಬಾಗಿ ಕೂಗಿ ಹೇಳುತ್ತಿದ್ದಳು. ಅವಳು ತುಟಿ ಓದುತ್ತಿದ್ದಳು. ಇದರಲ್ಲಿ ಪವಾಡವೇನೂ ಇಲ್ಲ. ಮಗ್ಗದ ಮುಂದೆ ದುಡಿಯುವವರು ಆ ಸದ್ದಿನಲ್ಲಿ ಗಂಟಲು ಹರಿದುಕೊಳ್ಳುವುದಿಲ್ಲ. ಬಾಯಿ ಆಡಿಸುತ್ತಾರೆ, ಎದುರಿನವರು ನೋಡಿಕೊಳ್ಳುತ್ತಾರೆ. ಮದುವೆ ಛತ್ರದಲ್ಲಿ ಬ್ಯಾಂಡು ಕಿವಿಯ ಪಕ್ಕ ಬಾರಿಸುತ್ತಿದ್ದರೂ ಆರಾಮವಾಗಿ ಸಂಸಾರದ ಮಾತು ಆಡುತ್ತಾ ಕೂತವರನ್ನು ಕಂಡರೆ ಅವರು ನಮ್ಮ ಊರಿನವರೆಂದು ನಾನು ಈಗಲೂ ಊಹಿಸುತ್ತೇನೆ.

ಕರೆಂಟಿದ್ದೂ ಮನೆ ನಿಶ್ಶಬ್ದವಾಗುತ್ತಿದ್ದದ್ದು ಹಬ್ಬಕ್ಕೆ ಮಗ್ಗ ನಿಲ್ಲಿಸಿದ ದಿನ ಮಾತ್ರ. ಆ ದಿನ ತಮ್ಮ ಟೀವಿಗೆ ವಿಡಿಯೋ ಗೇಮಿನ ಪೆಟ್ಟಿಗೆ ಜೋಡಿಸುತ್ತಿದ್ದ. ಆಟಕ್ಕಿಂತ ಅದರ ಸಂಗೀತ ಕೇಳಿಸುತ್ತದಲ್ಲ ಎಂಬುದೇ ನಮಗೆ ಸಂಭ್ರಮ. ಟಿಣಿಟಿಣಿ ಎನ್ನುವ ಆ ಸಣ್ಣ ರಾಗ ಇಂದಿಗೂ ಕಿವಿಗೆ ಬಿದ್ದರೆ ನನ್ನ ಬಾಯಿಗೆ ಹೋಳಿಗೆಯ ರುಚಿ ಬರುತ್ತದೆ.

ಇದನ್ನೆಲ್ಲ ಹೇಳಿದ್ದು, ಈಗ ನಾನು ಬಿಡುವಿನಲ್ಲಿ ಮಾಡುವ ಕೆಲಸ ಅರ್ಥವಾಗಲಿ ಎಂದು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಂಜೆ ಮನೆಗೆ ಬಂದು ಕಾಫಿ ಕುಡಿದ ಮೇಲೆ, ಅಪರಿಚಿತರು ಪ್ರಶ್ನೆ ಕೇಳುವ ಒಂದು ಜಾಲತಾಣವನ್ನು ತೆರೆದು ಕೂರುತ್ತೇನೆ. ಎಲ್ಲೆಲ್ಲಿಯದೋ ಜನ. ಚಿಕ್ಕಂದಿನಲ್ಲಿ ನೋಡಿದ ಧಾರಾವಾಹಿಯ ಒಂದು ತುಣುಕನ್ನು ವಿವರಿಸಿ ಅದರ ಹೆಸರೇನು ಎಂದು ಒಬ್ಬರು ಕೇಳುತ್ತಾರೆ. ಕಾರು ರೇಸಿನಲ್ಲಿ ಮಳೆ ಬಂದಾಗ ಚಕ್ರ ಯಾಕೆ ಬದಲಾಯಿಸುತ್ತಾರೆ ಎಂದು ಇನ್ನೊಬ್ಬರು. ಗೇಮಿನ ರಾಗವೊಂದನ್ನು ಬಾಯಲ್ಲಿ ಗುನುಗಿ ಕಳಿಸುವವರೂ ಇದ್ದಾರೆ. ಅದನ್ನು ನಾನು ತಮ್ಮನಿಗೆ ಫೋನಿನಲ್ಲಿ ಕೇಳಿಸುತ್ತೇನೆ. ಅವನು ಬಸ್ಸಿನಲ್ಲಿದ್ದರೂ ಮುಂದಿನ ಸಾಲನ್ನು ಗಟ್ಟಿಯಾಗಿ ಹಾಡಿ, "ಮೂರನೇ ಹಂತದ ನೀರಿನ ಆಟ ಕಣಕ್ಕ, ಅಷ್ಟೂ ಗೊತ್ತಾಗಲ್ವಾ?" ಎನ್ನುತ್ತಾನೆ. ನಮ್ಮ ಉತ್ತರ ಸರಿಯೆನಿಸಿದವರು ಅದರ ಪಕ್ಕದ ಮೇಲ್ಮುಖದ ಬಾಣವನ್ನು ಒತ್ತುತ್ತಾರೆ. ಬೇರೆ ಲಾಭವಿಲ್ಲ. ಎಲ್ಲೋ ಒಬ್ಬರು "ಹೌದು, ಇದೇ! ಇದೇ!" ಎಂದು ಬರೆದಾಗ ಆಗುವ ಖುಷಿಗೆ ನಾನು ಬೇರೆ ಹೋಲಿಕೆ ಹುಡುಕಿಲ್ಲ.

ಸಿನಿಮಾ ಗುರುತಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮಾತು ಕೇಳದೆ ನೋಡಿದವಳಾದ್ದರಿಂದ ಚಿತ್ರ ಗಟ್ಟಿಯಾಗಿ ಉಳಿದಿರುತ್ತದೆ. ಛತ್ರಿ ಬಲಗೈಯಲ್ಲಿತ್ತು, ಮೆಟ್ಟಿಲಿಳಿಯುವಾಗ ಎಡಗೈಗೆ ಬಂದಿತ್ತು ಎಂಬುದರವರೆಗೆ ಹೇಳಬಲ್ಲೆ.

ಒಮ್ಮೆ ಒಬ್ಬರು ಒಂದು ಹಳೆಯ ಹಿಂದಿ ಚಿತ್ರದ ಕೊನೆಯ ದೃಶ್ಯದ ಬಗ್ಗೆ ಕೇಳಿದರು. ರೈಲು ನಿಲ್ದಾಣದಲ್ಲಿ ಅಣ್ಣ ತಮ್ಮನ ಹೆಗಲು ಹಿಡಿದು ಏನೋ ಹೇಳುತ್ತಾನೆ, ಏನದು? ನನಗೆ ಬಾಯಿಪಾಠವಾಗಿತ್ತು. ಅವ್ವನ ಸಮಾಧಿಯ ಮೇಲಿನ ಹೂವು ಬಾಡುವ ಮುಂಚೆ ನಾನು ತಿರುಗಿ ಬರುತ್ತೇನೆ ಎನ್ನುತ್ತಾನೆ. ಹಾಗೆಂದು ಬರೆದೆ. ಆ ಮಾತಿಗೆ ನಾನು ಎಷ್ಟೋ ಸಲ ಅತ್ತಿದ್ದೇನೆ ಎಂದೂ ಸೇರಿಸಿದೆ. ಮಾರನೆಯ ದಿನ ಒಬ್ಬರು ಆ ದೃಶ್ಯದ ತುಣುಕನ್ನೇ ತಂದು ಕೆಳಗೆ ಹಾಕಿದ್ದರು. ಅಣ್ಣ ಹೇಳುವುದು ಇಷ್ಟೇ: ಟಿಕೆಟ್ಟು ನಿನ್ನ ಹತ್ತಿರವೇ ಇದೆ ತಾನೇ?

ಇದು ತಪ್ಪಾದರೆ ಇನ್ನೆಷ್ಟು ತಪ್ಪು? ನಾನು ನೋಡಿದ್ದು ಯಾವುದು, ಅತ್ತೆ ಹೇಳಿದ್ದು ಯಾವುದು? ನೇರ ತವರಿಗೆ, ಅತ್ತೆಯ ಹತ್ತಿರ ಹೋದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಹಿಂದಿ ನಂಗೆಲ್ಲೇ ಬತ್ತದೆ?" ಎಂದಳು. "ಕನ್ನಡದ್ದಾದ್ರೆ ಅವ್ರು ಹೇಳಿದ್ದೇ ಹೇಳ್ತಿದ್ದೆ. ಹಿಂದೀದು ಬಂದ್ರೆ ನಾನೇ ಏನೋ ಒಂದು ಹಾಕ್ತಿದ್ದೆ. ನೀವಿಬ್ರೂ ಬಾಯ್ ಬುಟ್ಕಂಡು ಕೂತಿರ್ತಿದ್ರಿ. ಗೊತ್ತಿಲ್ಲ ಅನ್ನಕ್ಕಾಯ್ತದಾ?"

"ನಾನು ಅತ್ತಿದ್ದೀನಿ ಅತ್ತೆ!"

"ಅಳ್ಬೇಕು ಅಂತ್ಲೇ ಅಲ್ವೇನೇ ಹೇಳಿದ್ದು. ಟಿಕೆಟ್ಟಿಗೆ ಯಾರಾದ್ರೂ ಅಳ್ತಾರಾ?"

ತಮ್ಮ ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದ. ನಾನೂ ನಕ್ಕೆ. ಆದರೂ ಆವತ್ತಿನಿಂದ ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಅದರಿಂದ ನನ್ನ ಉತ್ತರಗಳು ಉದ್ದವಾದವು, ಬಾಣ ಒತ್ತುವವರು ಕಡಿಮೆಯಾದರು.

ಇದಾಗಿ ಕೆಲವು ತಿಂಗಳಿಗೆ ಆ ಪ್ರಶ್ನೆ ಬಂತು. ಮೋಟಾರು ರೇಸಿನ ವಿಭಾಗದಲ್ಲಿ ಒಬ್ಬಾತ ಹಳೆಯ ಟೇಪಿನಿಂದ ತೆಗೆದ ಚಿಕ್ಕ ತುಣುಕನ್ನು ಹಾಕಿದ್ದ. ಮಣ್ಣಿನ ದಾರಿ, ಸಾಲಾಗಿ ನಿಂತ ಕಾರುಗಳು, ಒಂದರಲ್ಲಿ ಹೆಲ್ಮೆಟ್ಟು ತೊಟ್ಟ ಮನುಷ್ಯ. ಅವನು ಕಿಟಕಿಯಿಂದ ಹೊರಗೆ ನೋಡಿ ಏನೋ ಹೇಳುತ್ತಾನೆ, ಆಮೇಲೆ ಕಾರು ಹೊರಡುತ್ತದೆ. ಧೂಳು. ಟೇಪಿನ ದನಿ ಕೆಟ್ಟುಹೋಗಿತ್ತು. ಅವನು ಕೇಳಿದ್ದು ಎರಡು ಪ್ರಶ್ನೆ. ಇದು ಯಾವ ಜಾಗ? ಇವರು ನನ್ನ ಅಪ್ಪ, ನಾನು ಚಿತ್ರದ ಚೌಕಟ್ಟಿನಾಚೆ ನಿಂತಿದ್ದೆ, ನನಗೇ ಏನೋ ಹೇಳುತ್ತಿದ್ದಾರೆ. ಅದೇನೆಂದು ಯಾರಾದರೂ ಹೇಳಬಲ್ಲಿರಾ? ಅವನು ತೀರ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರಂತೆ. ಅಮ್ಮ ಅವನನ್ನು ಕರೆದುಕೊಂಡು ಉತ್ತರ ಭಾರತದ ತವರಿಗೆ ಹೋದರಂತೆ. ಅಪ್ಪ ಬಾಯಿಬಿಟ್ಟು ಮಾತಾಡುವ ಚಿತ್ರ ಅವನ ಹತ್ತಿರ ಇದ್ದದ್ದು ಇದೊಂದೇ.

ಮೊದಲನೆಯದಕ್ಕೆ ಉತ್ತರ ನನಗೆ ಗೊತ್ತಿತ್ತು. ಕಾರುಗಳ ಹಿಂದೆ ಶಿವಗಂಗೆಯ ಬೆಟ್ಟವಿತ್ತು. ಆ ಬೆಟ್ಟ ನಾಲ್ಕು ದಿಕ್ಕಿನಿಂದ ನಾಲ್ಕು ಆಕಾರದಲ್ಲಿ ಕಾಣುತ್ತದೆ, ಪೂರ್ವದಿಂದ ಮಲಗಿದ ಬಸವನ ಹಾಗೆ. ತುಣುಕಿನಲ್ಲಿದ್ದದ್ದು ಬಸವನೇ. ಹಾಗಾದರೆ ಕ್ಯಾಮೆರಾ ಬೆಟ್ಟದ ಪೂರ್ವಕ್ಕೆ, ನೆಲಮಂಗಲದ ಕಡೆಯ ಯಾವುದೋ ಮಣ್ಣುದಾರಿಯಲ್ಲಿತ್ತು. ಅಷ್ಟನ್ನು ಬರೆದೆ. ಅಪ್ಪ ಯಾವ ಭಾಷೆ ಆಡುತ್ತಿದ್ದರು ಎಂದು ಕೇಳಿದೆ. ಕನ್ನಡ ಎಂದು ಉತ್ತರ ಬಂತು. ತನಗೆ ಅದು ಬರುವುದಿಲ್ಲ ಎಂದೂ ಬರೆದಿದ್ದ.

ಭಾನುವಾರ ಮಧ್ಯಾಹ್ನ ತವರಿಗೆ ಹೋಗಿ ಅತ್ತೆಗೆ ವಿಷಯ ವಿವರಿಸಿ ಫೋನು ಕೊಟ್ಟೆ. ಅವಳಿಗೆ ಈಗ ಕಿವಿ ಅಷ್ಟಾಗಿ ಕೇಳಿಸದು. ಕಿವಿಗೆ ಹಾಕುವ ಯಂತ್ರ ದೇವರ ಗೂಡಿನಲ್ಲಿ ಭದ್ರವಾಗಿದೆ. ಅವಳು ಒಂದು ಸಲ ನೋಡಿದಳು, ಕೂಡಲೇ ಹೇಳಿದಳು:

"'ನಿಮ್ಮಮ್ಮನ್ನ ಚೆನ್ನಾಗಿ ನೋಡ್ಕೊ ಕಂದಾ, ನಾನು ಗೆದ್ದು ಬತ್ತೀನಿ' ಅಂತವ್ನೆ."

ಅದನ್ನೇ ಬರೆದು ಕಳಿಸಲು ಫೋನಿಗೆ ಕೈ ಚಾಚಿದೆ. ಆಮೇಲೆ ಅವ್ವನ ಸಮಾಧಿಯ ಹೂವು ನೆನಪಾಯಿತು.

"ಅತ್ತೆ, ನಿಜ ಹೇಳು."

ಅವಳು ಬೇರೆ ಕಡೆ ನೋಡಿದಳು. "ಇಷ್ಟು ಚಿಕ್ಕ ಗಾಜಿನಾಗೆ ಏನೇ ಕಾಣ್ತದೆ? ಮೇಲೆ ಮೀಸೆ ಬೇರೆ. ಇದನ್ನೇ ಬರ್ದು ಕಳ್ಸು ಹೋಗು. ತಂದೆ ಇಲ್ದಿರೋ ಮಗ, ಸಂತೋಷ ಪಡ್ತಾನೆ."

ಕಳಿಸಿದ್ದರೆ ಅವನು ಖಂಡಿತ ಸಂತೋಷಪಡುತ್ತಿದ್ದ, ಸುಳ್ಳೆಂದು ಸಾಧಿಸಲು ಯಾರಿಗೂ ಆಗುತ್ತಿರಲಿಲ್ಲ. ಹಾಗೆ ಮಾಡಿಬಿಡೋಣ ಎಂದು ನನಗೂ ಒಂದು ಗಳಿಗೆ ಅನಿಸಿತು. ಆದರೆ ಅವನು ಜೀವನಪೂರ್ತಿ ಅತ್ತೆಯ ಮಾತನ್ನು ಅಪ್ಪನ ಮಾತೆಂದು ಹೊತ್ತು ತಿರುಗುತ್ತಿದ್ದ. ಸಿನಿಮಾದಲ್ಲಿ ನನಗೆ ಆದದ್ದು ನಗುವಿನಲ್ಲಿ ಮುಗಿಯಿತು. ಇದು ಹಾಗೆ ಮುಗಿಯುವಂಥದ್ದಲ್ಲ.

"ಬೇಡ ಅತ್ತೆ. ಗೊತ್ತಾಗಲಿಲ್ಲ ಅಂದ್ರೆ ಗೊತ್ತಾಗಲಿಲ್ಲ ಅಂತಾನೇ ಬರೀತೀನಿ."

ಅದು ಅವಳಿಗೆ ಚುಚ್ಚಿತು. "ನಂಗೆ ಗೊತ್ತಾಗಲ್ಲ ಅಂತ ಯಾವಳೇ ಹೇಳಿದ್ದು? ದೊಡ್ಡ ಟೀವೀಗೆ ಹಾಕು."

ತಮ್ಮ ಬಂದು ತುಣುಕನ್ನು ಟೀವಿಗೆ ಹಾಕಿದ. ಈಗ ಮಗ್ಗ ನಡೆಸುವವನು ಅವನೇ. ಅತ್ತೆಗೆ ಅನುಕೂಲವಾಗಲೆಂದು ಹೋಗಿ ಮಗ್ಗ ನಿಲ್ಲಿಸಿ ಬಂದ. ಮನೆ ತಣ್ಣಗಾಯಿತು. ಅತ್ತೆ ನೋಡಿದಳು, ಮತ್ತೆ ನೋಡಿದಳು, ಚಡಪಡಿಸಿದಳು.

"ಲೋ, ಮಗ್ಗ ಯಾಕ್ಲಾ ನಿಲ್ಲಿಸ್ದೆ?"

"ನಿನ್ ಗ್ಯಾನ ಕೆಡದೆ ಇರ್ಲಿ ಅಂತ!"

"ಈಗ್ಲೇ ಕೆಟ್ಟಿರೋದು. ಹೋಗಿ ಹಾಕು. ಸದ್ದಿಲ್ದಿದ್ರೆ ನಂಗೆ ಬಾಯಿ ಕಾಣಲ್ಲ."

ತಮ್ಮ ಹಣೆ ಚಚ್ಚಿಕೊಂಡು ಹೋಗಿ ಮಗ್ಗ ಹಾಕಿದ. ಗೋಡೆ ನಡುಗತೊಡಗಿತು. ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಳು. ಕಂಡಿಕೆ ಸುತ್ತುವಾಗ ಆಡುತ್ತಿದ್ದ ಹಾಗೆಯೇ ಅವಳ ಬೆರಳು ಮಡಿಲಲ್ಲಿ ತನ್ನಷ್ಟಕ್ಕೆ ಆಡತೊಡಗಿತು. ತೆರೆಯ ಮೇಲಿನವನ ಜೊತೆಗೆ ಅವಳ ತುಟಿಯೂ ಚಲಿಸಿತು. ಒಂದೇ ತುಣುಕನ್ನು ತಮ್ಮ ಮತ್ತೆ ಮತ್ತೆ ಹಾಕುತ್ತಿದ್ದ. ಮೀಸೆಯ ಕೆಳಗೆ ಕೆಳದುಟಿಯಷ್ಟೇ ಕಾಣುತ್ತಿತ್ತು.

ಕೊನೆಗೆ ಅವಳು ನನ್ನ ಕಡೆ ತಿರುಗಿ ದನಿಯಿಲ್ಲದೆ ಬಾಯಿ ಆಡಿಸಿದಳು. ನಾನೂ ಮಗ್ಗದ ಮನೆಯವಳೇ.

'ನನ್ ಚಪ್ಲಿ ಹಾಕ್ಕೊ. ಮುಳ್ಳೈತೆ.'

"ಚಪ್ಲಿನಾ?" ಎಂದೆ.

"ಚಪ್ಲೀನೇ. ಅಷ್ಟೇ ಕಣೆ ಅವ್ನು ಹೇಳಿರೋದು," ಎಂದು ಅತ್ತೆ ಬೇಸರದಿಂದ ಎದ್ದಳು. "ರೇಸಿಗೆ ಹೋಗೋ ಗಂಡ್ಸು, ಮಗನ್ ಕೂಡೆ ಆಡೋ ಮಾತಾ ಇದು?"

ನನಗೆ ನಂಬಿಕೆ ಹುಟ್ಟಿದ್ದು ಆ ಬೇಸರದಿಂದ. ಆದರೂ ನಾನೇ ಕೂತು ಪರೀಕ್ಷಿಸಿದೆ. ಆ ಮನುಷ್ಯನ ತುಟಿಗಳು ಪೂರ್ತಿ ಮುಚ್ಚಿಕೊಳ್ಳುವುದು ಎರಡೇ ಸಲ. ಕನ್ನಡಿಯ ಮುಂದೆ ನಿಂತು ಎರಡು ವಾಕ್ಯಗಳನ್ನೂ ಹೇಳಿ ನೋಡಿದೆ. ಅತ್ತೆ ಮೊದಲು ಕೊಟ್ಟ ಮಾತಿಗೆ ನನ್ನ ತುಟಿ ಮೂರು ಸಲ ಮುಚ್ಚಿತು, ಚಪ್ಪಲಿಯ ಮಾತಿಗೆ ಎರಡು ಸಲ. ಮತ್ತೊಂದು ಸಂಗತಿ ಇತ್ತು. ಮಾತು ಶುರುವಾಗುವ ಮುಂಚೆ ಅವನ ಕಣ್ಣು ಕೆಳಗೆ, ಮಗುವಿನ ಕಾಲು ಇರಬಹುದಾದ ಕಡೆಗೆ ಹೋಗುತ್ತಿತ್ತು.

ಉತ್ತರವನ್ನು ನಿಧಾನವಾಗಿ ಬರೆದೆ. ಕಂಡದ್ದು ಇಷ್ಟು, ಊಹೆ ಇಷ್ಟು ಎಂದು ಬೇರೆ ಮಾಡಿದೆ. ಓದಿದವಳು ನನ್ನ ಅತ್ತೆ, ಮಗ್ಗದ ಮನೆಯವಳು, ಡೈಲಾಗು ಹೆಣೆಯುವ ಅಭ್ಯಾಸವುಳ್ಳವಳು ಎಂದೂ ಮುಚ್ಚಿಡದೆ ಬರೆದೆ. ಆದರೂ ಇದನ್ನು ನಾನು ನಂಬುತ್ತೇನೆ, ಯಾಕೆಂದರೆ ಅವಳೇ ಹೆಣೆದಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಖಚಿತವೆಂದು ಆಣೆಯಿಡಲಾರೆ ಎಂದು ಮುಗಿಸಿದೆ.

ಅವನಿಂದ ಸ್ವಲ್ಪ ದಿನ ಮಾತಿಲ್ಲ. ಇಷ್ಟೇನಾ ಎಂದುಕೊಂಡನೇನೋ ಎಂದು ನನಗೆ ಒಳಗೇ ಕಸಿವಿಸಿ. ಕಳಿಸಿಬಿಡಬೇಕಿತ್ತು ಆ ಮೊದಲಿನ ಮಾತನ್ನೇ ಎಂದೂ ಅನಿಸಿತು. ಒಂದು ದಿನ ಶಾಲೆಯಲ್ಲಿ ಬಿಡುವಿನ ಹೊತ್ತಿಗೆ ಫೋನು ನೋಡಿದರೆ, ನನ್ನ ಉತ್ತರದ ಕೆಳಗೆ ಅವನು ಒಂದು ಫೋಟೋ ಹಾಕಿದ್ದ. ಅದೇ ಕಾರು, ಅದೇ ಬೆಟ್ಟ. ಬೂಟು ತೊಟ್ಟ ಅಪ್ಪ ಬಾಗಿಲಿಗೆ ಒರಗಿದ್ದಾರೆ. ಪಕ್ಕದಲ್ಲಿ ಚಡ್ಡಿಯ ಪುಟ್ಟ ಹುಡುಗ. ಅವನ ಕಾಲಲ್ಲಿ ದೊಡ್ಡವರ ಚಪ್ಪಲಿ. ಹಿಮ್ಮಡಿಯ ಹಿಂದೆ ಇನ್ನೊಂದು ಕಾಲು ಹಿಡಿಸುವಷ್ಟು ಜಾಗ ಖಾಲಿ.

ಈ ಫೋಟೋ ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯ ಗೋಡೆಯ ಮೇಲಿದೆ, ಅಪ್ಪನ ಚಪ್ಪಲಿ ತಮಾಷೆಗೆ ಹಾಕಿಸಿ ನಿಲ್ಲಿಸಿದ್ದಾರೆ ಅಂದುಕೊಂಡಿದ್ದೆವು ಎಂದು ಬರೆದಿದ್ದ.

ನಾನು ಸಿಬ್ಬಂದಿ ಕೊಠಡಿಯಲ್ಲಿ ಎದ್ದು ನಿಂತುಬಿಟ್ಟೆ. ಎಲ್ಲರೂ ಏನಾಯಿತು ಎಂದರು. ಚಪ್ಪಲಿ ಸಿಕ್ಕಿತು ಎಂದೆ.

ಸಂಜೆ ಬಸ್ಸಿಳಿದು ನೇರ ತವರಿಗೆ ಹೋದೆ. ಅತ್ತೆ ಫೋಟೋವನ್ನು ದೊಡ್ಡದು ಮಾಡಿಸಿ ಹುಡುಗನ ಕಾಲನ್ನು ಬಹಳ ಹೊತ್ತು ನೋಡಿದಳು. "ಮುಳ್ಳು ಚುಚ್ಲಿಲ್ಲ ಬುಡು," ಎಂದಳು. ಕಣ್ಣು ಒರೆಸಿಕೊಂಡಳು, ತಕ್ಷಣ, "ಆದ್ರೂ ನಂದೇ ಚೆನ್ನಾಗಿತ್ತು," ಎಂದಳು.

ಫೋಟೋದ ಜೊತೆಗೆ ಅವನು ಒಂದು ವಿಡಿಯೋ ಕಳಿಸಿದ್ದ, ಅತ್ತೆಗೆ ತೋರಿಸಿ ಎಂದು. ಟೀವಿಗೆ ಹಾಕಿದೆವು. ನರೆತ ಕೂದಲಿನ ಮನುಷ್ಯ, ಅಪ್ಪನದೇ ಮೀಸೆ. ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಗೋಡೆಯಾಚೆ ಮಗ್ಗ ಜೋರಾಗಿ ಓಡುತ್ತಿತ್ತು. ನಿಲ್ಲಿಸಲೇ ಎಂದು ತಮ್ಮ ಕೈಸನ್ನೆಯಲ್ಲಿ ಕೇಳಿದ. ಬೇಡವೆಂದು ನಾನು ತಲೆಯಾಡಿಸಿದೆ.

"ಏನಂತವ್ನೆ ಅತ್ತೆ?" ಎಂದು ಅವಳ ಕಿವಿಯ ಹತ್ತಿರ ಬಾಗಿ ಕೂಗಿದೆ.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ತೆರೆಯ ಮೇಲಿನವನನ್ನು ಗಮನವಿಟ್ಟು ನೋಡುತ್ತಾ ಶುರುಮಾಡಿದಳು: "'ತಾಯೀ, ಏಳು ಸಮುದ್ರ ದಾಟಿ ಬಂದಾದ್ರೂ ಸರಿ, ನಿನ್ ಪಾದಕ್ಕೆ ಒಂದು ಜೊತೆ ಬೆಳ್ಳಿ ಚಪ್ಲಿ ಮಾಡ್ಸಿ ಹಾಕ್ದಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ' ಅಂತವ್ನೆ."

ನಾನು ಮತ್ತು ತಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಾ ಕೂತೆವು.